ಜಾಗ್ವಾರ್ ತಾಯಿಯ ಸಂಸಾರ

ಜಾಗ್ವಾರ್ ಅಂದರೆ ನಿಮಗೆ ಏನು ನೆನಪಾಗುತ್ತದೆ? ನಮ್ಮ ಮನೆಯಲ್ಲಿ ಕೇಳಿದರೆ ಮಗ ಥಟ್ಟನೆ "ಕಾರು" ಅಂದ. ಅದೂ ಸರಿಯೇ. ಆ ಕಾರಿನ ಕಂಪನಿಯನ್ನು 2008ರಲ್ಲಿ ನಮ್ಮ ಟಾಟಾದವರೇ ಕೊಂಡರಲ್ಲ! ಆದರೆ ನಾನು ಹೇಳಹೊರಟಿರುವುದು ನಾಲ್ಕು ಚಕ್ರದ್ದಲ್ಲ, ನಾಲ್ಕು ಕಾಲಿನದು.

ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ ಇವಳಿಗೆ ಬ್ರೆಜಿಲ್ ಕಾಡಿನ ಉಸಾಬರಿ ಯಾಕೆ ಅಂತ ಮೂಗು ಮುರಿಯಬೇಡಿ. ರಾತ್ರಿ ಅಡಿಗೆಮನೆ ತೊಳೆದು ಬಂದು ಕೂತರೆ ಟಿ.ವಿ.ಯಲ್ಲಿ ಅದೇ ಅತ್ತೆ, ಅದೇ ಸೊಸೆ, ಅದೇ ವಿಷದ ಲೋಟ. ಸಾಕಾಗಿ ಹೋಗಿ ಪ್ರಾಣಿಗಳ ಚಾನೆಲ್ ಹಾಕಿಕೊಂಡೆ. ಆಮೇಲೆ ಲೈಬ್ರರಿಯಿಂದ ಪುಸ್ತಕ ತರಿಸಿಕೊಂಡು ಓದಿದೆ. ಈಗ ನನಗೆ ಅದರ ಹುಚ್ಚೇ ಹಿಡಿದಿದೆ ಅನ್ನಿ.

ನೋಡಲು ನಮ್ಮ ಚಿರತೆಯ ಹಾಗೇ ಇರುತ್ತದೆ. ಗುರುತು ಹಿಡಿಯುವುದು ಮಾತ್ರ ನಮ್ಮಂಥ ಹೆಂಗಸರಿಗೆ ಸುಲಭ. ಚಿರತೆಯ ಮೈಮೇಲಿನ ಕಪ್ಪು ಉಂಗುರಗಳು ಸಾಮಾನ್ಯವಾಗಿ ಒಳಗೆ ಖಾಲಿ. ಜಾಗ್ವಾರಿನ ಉಂಗುರ ದೊಡ್ಡದು, ನಡುವೆ ಒಂದೋ ಎರಡೋ ಚುಕ್ಕೆ, ರಂಗೋಲಿಯಲ್ಲಿ ಸುತ್ತ ಗೆರೆ ಎಳೆದು ಮಧ್ಯೆ ಬೊಟ್ಟಿಟ್ಟ ಹಾಗೆ. ಒಂದರ ಮೈಮೇಲಿನ ರಂಗೋಲಿ ಇನ್ನೊಂದಕ್ಕೆ ಇರುವುದಿಲ್ಲ. ಕಾಡಿನಲ್ಲಿ ಅವುಗಳ ಲೆಕ್ಕ ಇಡುವವರು ಫೋಟೋ ನೋಡಿ ಇದು ಇಂಥವಳೇ ಅಂತ ಹೇಳಿಬಿಡುತ್ತಾರೆ. ಮೈಕಟ್ಟೂ ಬೇರೆ. ಗಿಡ್ಡ ಕಾಲು, ದಪ್ಪ ತಲೆ, ತುಂಬಿದ ಎದೆ. ಹುಲಿ, ಸಿಂಹ ಬಿಟ್ಟರೆ ಬೆಕ್ಕಿನ ಜಾತಿಯಲ್ಲಿ ಜಗತ್ತಿಗೆ ಇದೇ ದೊಡ್ಡದು.

ಬ್ರೆಜಿಲ್, ಬೊಲಿವಿಯಾ, ಪರಾಗ್ವೆ ಮೂರೂ ದೇಶಗಳಿಗೆ ಹರಡಿಕೊಂಡ ಪಾಂಟನಾಲ್ ಅನ್ನುವ ದೊಡ್ಡ ಜವುಗು ಪ್ರದೇಶವಿದೆ. ಮಳೆಗಾಲದಲ್ಲಿ ಎತ್ತ ನೋಡಿದರೂ ನೀರು. ಅಲ್ಲಿಯ ಗಂಡು ಜಾಗ್ವಾರ್ 100 ಕಿಲೋ ದಾಟುವುದುಂಟು. ಬೆಕ್ಕಿಗೆ ನೀರು ಕಂಡರೆ ಆಗದು ಅನ್ನುತ್ತೇವಲ್ಲ, ಇದಕ್ಕೆ ನದಿಯೇ ಅಂಗಳ. ಈಜಿಕೊಂಡು ಹೋಗಿ ಕೇಮನ್ ಅನ್ನುವ ಮೊಸಳೆಯನ್ನೇ ಹಿಡಿಯುತ್ತದೆ! ಹುಲಿ, ಸಿಂಹಗಳು ದೊಡ್ಡ ಬೇಟೆಯಾದರೆ ಕುತ್ತಿಗೆಗೆ ಬಾಯಿ ಹಾಕುತ್ತವೆ. ಇದು ಎಷ್ಟೋ ಸಲ ನೇರವಾಗಿ ತಲೆಬುರುಡೆಯನ್ನೇ ಕಚ್ಚಿ ಒಡೆಯುತ್ತದೆ. ಆಮೆಯ ಚಿಪ್ಪನ್ನೂ ಬಿಡುವುದಿಲ್ಲ. ನಾವು ತೆಂಗಿನಕಾಯಿ ಒಡೆಯಲು ಕತ್ತಿ ಹುಡುಕುತ್ತೇವೆ!

ಇಷ್ಟೆಲ್ಲ ಶೂರತನ ಇರಲಿ. ನನ್ನನ್ನು ಹಿಡಿದು ಕೂರಿಸಿದ್ದು ತಾಯಿ ಜಾಗ್ವಾರಿನ ಸಂಸಾರ. ನೂರು ದಿನ ಹೆಚ್ಚುಕಡಿಮೆ ಬಸಿರು. ಸಾಮಾನ್ಯವಾಗಿ ಎರಡು ಮರಿ. ಹುಟ್ಟಿದಾಗ ಒಂದು ಕಿಲೋ ಕೂಡ ತೂಗುವುದಿಲ್ಲ, ಕಣ್ಣು ಬಿಡಲು ಎರಡು ವಾರ ಬೇಕು. ಅಪ್ಪ ಅನ್ನಿಸಿಕೊಂಡವನು ಅಷ್ಟು ಹೊತ್ತಿಗೆ ತನ್ನ ದಾರಿ ಹಿಡಿದಿರುತ್ತಾನೆ. ಹಾಲು ಕೊಡುವುದು, ಬೇಟೆ ತರುವುದು, ಬೇಟೆ ಕಲಿಸುವುದು ಎಲ್ಲ ಇವಳ ತಲೆಗೇ. ಇದು ಸುಮಾರು ಎರಡು ವರ್ಷದ ಕೆಲಸ.

ಬೇರೆ ಗಂಡು ಬಂದರೆ ಮರಿಗಳ ಜೀವಕ್ಕೇ ಸಂಚಕಾರ. ಮರಿ ಸತ್ತರೆ ತಾಯಿ ಬೇಗ ಬೆದೆಗೆ ಬರುತ್ತಾಳೆ ಅನ್ನುವುದು ಅವನ ಲೆಕ್ಕ. ಅವನೊಡನೆ ಜಗಳಕ್ಕೆ ನಿಂತರೆ ತೂಕದಲ್ಲಿ ಇವಳು ಸೋಲುತ್ತಾಳೆ. ಆಗ ಏನು ಮಾಡುತ್ತಾಳೆ ಗೊತ್ತೇ? ಮರಿಗಳನ್ನು ಪೊದೆಯಲ್ಲಿ ಅಡಗಿಸಿಟ್ಟು, ತಾನೇ ಮುಂದೆ ಹೋಗಿ ನೆಲದಲ್ಲಿ ಹೊರಳಿ, ಬೆದೆಗೆ ಬಂದವಳಂತೆ ಬಿನ್ನಾಣ ಮಾಡಿ ಅವನನ್ನು ಬೇರೆ ದಿಕ್ಕಿಗೆ ಕರೆದುಕೊಂಡು ಹೋಗುತ್ತಾಳೆ. ಪಾಂಟನಾಲಿನಲ್ಲೂ ಕೊಲಂಬಿಯಾದ ಹುಲ್ಲುಗಾವಲಿನಲ್ಲೂ ಇದನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾರೆ. ಇದನ್ನು ಓದಿದ ದಿನ ನಾನು ಒಲೆಯ ಮೇಲಿದ್ದ ಹಾಲನ್ನೇ ಮರೆತಿದ್ದೆ.

ಅರ್ಜೆಂಟೀನಾದ ಇಬೆರಾ ಜವುಗಿನಲ್ಲಿ ಬೇಟೆಯಾಡಿ ಬೇಟೆಯಾಡಿ ಸುಮಾರು 70 ವರ್ಷಗಳಿಂದ ಜಾಗ್ವಾರ್ ಸಂತಾನವೇ ಇರಲಿಲ್ಲ. ಅಲ್ಲಿಗೆ 2021ರ ಜನವರಿಯಲ್ಲಿ ಮೊದಲು ಬಿಟ್ಟದ್ದು ಯಾರನ್ನು ಅಂತೀರಿ? ಗಂಡನ್ನಲ್ಲ! ಮರಿಯುವಾ ಅನ್ನುವ ತಾಯಿಯನ್ನು, ಅವಳ ಎರಡು ಎಳೆ ಮರಿಗಳ ಜೊತೆ. ಅವಳೇ ಬ್ರೆಜಿಲಿನಿಂದ ಬಂದ ತಬ್ಬಲಿ. ಒಂದು ಕಾಡಿಗೆ ಮತ್ತೆ ಸಂಸಾರ ಹೂಡಲು ತಾಯಿಯೊಬ್ಬಳನ್ನು ಕಳಿಸಿಕೊಟ್ಟರಲ್ಲ, ಅದು ನನಗೆ ಬಹಳ ಹಿಡಿಸಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಎರಡು ವರ್ಷವಾದ ಮೇಲೆ ಮರಿಗಳು ಬೇರೆ ಹೋಗಬೇಕು. ಗಂಡು ಮಕ್ಕಳು ಸಾಮಾನ್ಯವಾಗಿ ದೂರ ದೂರ ಹೋಗಿಬಿಡುತ್ತವೆ. ಹೆಣ್ಣು ಮಕ್ಕಳು ಹೆಚ್ಚಾಗಿ ತಾಯಿಯ ಕಾಡಿನ ಪಕ್ಕದಲ್ಲೇ, ಕೆಲವೊಮ್ಮೆ ಅದೇ ಕಾಡಿನ ಒಂದು ಮೂಲೆಯಲ್ಲೇ, ನೆಲೆ ಕಂಡುಕೊಳ್ಳುತ್ತವೆ. ನಮ್ಮಲ್ಲಿ ನೋಡಿ, ತಲೆಕೆಳಗು! ಹೆಣ್ಣನ್ನು ಕೊಟ್ಟು ಕಳಿಸುತ್ತೇವೆ, ಗಂಡು ಮನೆಯಲ್ಲಿರುತ್ತಾನೆ. ಇರುತ್ತಾನೆ ಅಂತ ಹೆಸರು. ನಮ್ಮಣ್ಣ ಪುಣೆ ಸೇರಿ ಇಪ್ಪತ್ತೆರಡು ವರ್ಷವಾಯಿತು. ಊರಿನ ಮನೆಯಲ್ಲಿ ಎಪ್ಪತ್ತಮೂರು ವರ್ಷದ ಅಮ್ಮ ಒಬ್ಬಳೇ. ಹೋದ ಆಷಾಢದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು, ಹಾಲಿನವಳು ಬಂದು ಬಾಗಿಲು ತಟ್ಟುವವರೆಗೆ ಹಾಗೇ ಬಿದ್ದಿದ್ದಳು. ಮೂಳೆ ಮುರಿಯಲಿಲ್ಲ, ನಮ್ಮ ಪುಣ್ಯ.

"ನಮ್ಮ ಮನೆಗೆ ಬಂದುಬಿಡಮ್ಮ" ಅಂದರೆ ಒಂದೇ ಮಾತು: "ಮಗಳ ಮನೇಲಿ ಕೂತು ಉಣ್ಣೋದು ಲಕ್ಷಣವಲ್ಲ ಕಣೇ." ನಮ್ಮ ಯಜಮಾನರು ಎರಡು ಸಲ ಹೋಗಿ ಕರೆದರು. ಹಬ್ಬಕ್ಕೆ ಬಂದರೂ ಮೂರನೆಯ ದಿನ ಬೆಳಿಗ್ಗೆ ಚೀಲ ಕಟ್ಟಿ ಜಗಲಿಗೆ ತಂದಿಟ್ಟಿರುತ್ತಾಳೆ. ಇಂಥ ಹಟಕ್ಕೆ ಏನನ್ನೋಣ? ನಿಮ್ಮ ಮನೆಗಳಲ್ಲೂ ಇದ್ದಾರು ಇಂಥವರು.

ಕೊನೆಗೆ ಜಾಗ್ವಾರಿನ ವಕಾಲತ್ತು ಹಿಡಿದೆ. ಫೋನಿನಲ್ಲಿ ಎಲ್ಲ ವಿವರವಾಗಿ ಹೇಳಿದೆ. ಮರಿಗಳ ಕಣ್ಣು, ಪೊದೆ, ಬಿನ್ನಾಣ, ಪಕ್ಕದಲ್ಲೇ ಉಳಿಯುವ ಹೆಣ್ಣು ಮಕ್ಕಳು, ಒಂದೂ ಬಿಡಲಿಲ್ಲ. ಅಮ್ಮ ಮಧ್ಯೆ ಬಾಯಿ ಹಾಕದೆ ಕೇಳಿದಳು. ಆಮೇಲೆ ಕೇಳಿದಳು, "ಆ ತಾಯಿಗೆ ವಯಸ್ಸಾದ ಮೇಲೆ ಮಗಳು ತಂದು ಹಾಕ್ತಾಳೇನೆ?"

ನಾನು ಸುಳ್ಳು ಹೇಳಲಾರೆ. "ಇಲ್ಲಮ್ಮ, ಅವು ಒಂಟಿ ಪ್ರಾಣಿ. ಅವರವರ ಬೇಟೆ ಅವರವರದು."

"ಮತ್ತೆ! ಪಕ್ಕದಲ್ಲಿರೋದು ಬೇರೆ, ಅವಳ ತಟ್ಟೆಯಲ್ಲಿ ತಿನ್ನೋದು ಬೇರೆ. ನಿನ್ನ ಹುಲಿಗೆ ಬುದ್ಧಿ ಇದೆ" ಅಂತ ಫೋನ್ ಇಟ್ಟಳು.

ಎರಡು ದಿನ ಬೇಜಾರು ಮಾಡಿಕೊಂಡೆ. ಮೂರನೆಯ ದಿನ ಅವಳ ಮಾತನ್ನೇ ತಿರುಗಿಸಿ ನೋಡಿದೆ. ಪಕ್ಕದಲ್ಲಿರೋದು ಬೇರೆ ಅಂದಳಲ್ಲ, ಬೇಡ ಅನ್ನಲಿಲ್ಲ. ನಮ್ಮ ಬೀದಿಯಲ್ಲೇ ಮೂರು ಮನೆ ಆಚೆ ಹಿಂದುಗಡೆಯ ಒಂದು ಪೋರ್ಷನ್ ಖಾಲಿ ಇದೆ. ಒಂದು ರೂಮು, ಅಡಿಗೆಮನೆ, ಅಂಗಳದಲ್ಲಿ ಕರಿಬೇವಿನ ಗಿಡ. ಅವಳಿಗೆ ಬರುವ ಪೆನ್ಷನ್‌ನಲ್ಲೇ ಬಾಡಿಗೆ ಕಟ್ಟಬಹುದು, ತನ್ನ ಅಡಿಗೆ ತಾನೇ ಮಾಡಿಕೊಳ್ಳಬಹುದು. ನಿನ್ನೆ ಹೋಗಿ ಬಚ್ಚಲಿನ ನೆಲ ಜಾರುತ್ತದೆಯೋ ಏನೋ ಅಂತ ಕಾಲಿಟ್ಟು ನೋಡಿ, ಓನರಮ್ಮನ ಕೈಗೆ ಸಾವಿರ ರೂಪಾಯಿ ಅಡ್ವಾನ್ಸ್ ಕೊಟ್ಟು ಬಂದಿದ್ದೇನೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ಭಾನುವಾರ ಊರಿಗೆ ಹೋಗುತ್ತಿದ್ದೇನೆ.