ಮನೆಗೆ ಬಂದ ಜೀವ

ಸಾಕುಪ್ರಾಣಿಯ ಸಾವಿಗೆ ಅಳುವವರನ್ನು ಕಂಡು ನಗುವವರಿದ್ದಾರೆ. ಮನುಷ್ಯರ ದುಃಖಕ್ಕೇ ಕಣ್ಣೀರು ಸಾಲದ ಲೋಕದಲ್ಲಿ ಮೂಕಜೀವಿಯೊಂದಕ್ಕಾಗಿ ಮರುಗುವುದು ಬರಿಯ ಮೋಹವೆಂದು ಅವರ ಅಭಿಪ್ರಾಯ. ಮೋಹವೆಂಬುದು ನಿಜವೇ ಇರಬಹುದು. ಆದರೆ ಆ ಮೋಹದೊಳಗೆ ಕರುಣೆಯೆಷ್ಟು, ಕರ್ತವ್ಯವೆಷ್ಟು, ಸ್ವಂತ ಸುಖದ ಆಸೆಯೆಷ್ಟು ಎಂದು ಬಿಡಿಸಿ ನೋಡುವವರು ವಿರಳ. ಮೂಡಬಿದಿರೆಯ ಕಡೆಯ ಹಿರಿಯ ಶ್ರಾವಕಿಯೊಬ್ಬರಿಗೆ ದೂರದ ಅಮೆರಿಕದಲ್ಲಿ, ಇಳಿವಯಸ್ಸಿನಲ್ಲಿ, ಹಾಗೆ ಬಿಡಿಸಿ ನೋಡಬೇಕಾಗಿ ಬಂದಿತು. ಅದಕ್ಕೆ ಕಾರಣವಾದದ್ದು ಒಂದು ಕಿಲೋ ತೂಕವೂ ಇಲ್ಲದ ಪುಟ್ಟ ಪ್ರಾಣಿ.

ಆಕೆ ಊರಿನ ಶಾಲೆಯಲ್ಲಿ ಬಹುಕಾಲ ಗಣಿತವನ್ನು ಕಲಿಸಿದವರು. ಪತಿಯ ನಿಧನಾನಂತರ ಮಗ ಅವರನ್ನು ಮಿಷಿಗನ್ ರಾಜ್ಯದ ತನ್ನ ಮನೆಗೆ ಕರೆದೊಯ್ದನು. ಬೆಳಗಾಗುತ್ತಲೇ ಮಗ ಸೊಸೆಯರು ಕೆಲಸಕ್ಕೆ, ಮೊಮ್ಮಗ ಶಾಲೆಗೆ. ಹೊರಗೆ ತಿಂಗಳುಗಟ್ಟಲೆ ಹಿಮ. ಬಸದಿಯ ಗಂಟೆಯಿಲ್ಲ, ನೆರೆಯವರ ಮಾತಿಲ್ಲ. ದೇವರ ಗೂಡಿನ ಮುಂದೆ ಜಪ, ಸೂರ್ಯಾಸ್ತಕ್ಕೆ ಮೊದಲು ಊಟ, ನಡುವೆ ಸ್ವಾಧ್ಯಾಯ. ಇಷ್ಟರಲ್ಲಿ ಅವರ ದಿನ ಸಾಗುತ್ತಿತ್ತು.

ಒಂದು ಸಂಜೆ ಮಗ ತಂತಿಯ ಪಂಜರವೊಂದನ್ನು ಹೊತ್ತು ಬಂದನು. ಪಕ್ಕದ ಬೀದಿಯ ತರುಣನಿಗೆ ಕ್ಯಾಲಿಫೋರ್ನಿಯದಲ್ಲಿ ಉದ್ಯೋಗ ದೊರೆತಿತ್ತು. ಆ ರಾಜ್ಯದಲ್ಲಿ ಫೆರೆಟ್ ಎಂಬ ಈ ಪ್ರಾಣಿಯನ್ನು ಸಾಕುವುದಕ್ಕೆ ಕಾನೂನಿನ ನಿಷೇಧವಿದೆ. ಬೇರೆ ಯಾರೂ ತೆಗೆದುಕೊಳ್ಳಲೊಪ್ಪದಿದ್ದಾಗ ಮೊಮ್ಮಗ ಹಟ ಹಿಡಿದನು. ಹೀಗೆ, ಎರಡು ವರ್ಷ ವಯಸ್ಸಿನ ಆ ಹೆಣ್ಣು ಜೀವ ಮನೆಗೆ ಬಂದಿತು.

ನೋಡಿದವರಿಗೆ ಅದು ನಮ್ಮ ಕಡೆಯ ಮುಂಗುಸಿಯನ್ನು ನೆನಪಿಗೆ ತರುತ್ತದೆ. ಆದರೆ ಅದು ನೀರುನಾಯಿಯ ಕುಟುಂಬಕ್ಕೆ ಸೇರಿದ್ದು. ಉದ್ದನೆಯ ಮೈ, ಗಿಡ್ಡ ಕಾಲು, ಕಣ್ಣಿನ ಸುತ್ತ ಕಪ್ಪು ಮುಖವಾಡ. ಯುರೋಪಿನ ಜನ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಇದನ್ನು ಪಳಗಿಸಿ, ಬಿಲದೊಳಗಿನ ಮೊಲಗಳನ್ನು ಹೊರಗಟ್ಟಲು ಬಳಸುತ್ತ ಬಂದರು. ಫೆರೆಟ್ ಎಂಬ ಹೆಸರಿನ ಮೂಲ, ಕಳ್ಳ ಎಂಬ ಅರ್ಥದ ಲ್ಯಾಟಿನ್ ಶಬ್ದ. ಆ ಹೆಸರು ಅನ್ವರ್ಥವೆಂದು ಮನೆಯವರಿಗೆ ವಾರದೊಳಗೇ ತಿಳಿಯಿತು. ಕಾಲುಚೀಲ, ಬೀಗದ ಕೈ, ಕೊನೆಗೆ ಅಜ್ಜಿಯ ಜಪಸರವೂ ಸೋಫಾದ ಅಡಿಯ ಅದರ ಉಗ್ರಾಣವನ್ನು ಸೇರಿದವು. ಜಪಸರ ಹೋದ ದಿನ ಆಕೆ ಸಿಟ್ಟಾಗಲಿಲ್ಲ. ಪರಿಗ್ರಹದಲ್ಲಿ ಇದು ಮನುಷ್ಯರನ್ನೇ ಮೀರಿಸಿತೆಂದು ನಕ್ಕರು.

ಅದರ ಹೆಸರು ಪೆಪ್ಪರ್ ಎಂದಿತ್ತು. ಮೆಣಸು ಎಂದೊಡನೆ ಅಜ್ಜಿಗೆ ನೆನಪಾದದ್ದು 16ನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನಾಳಿದ ಜೈನರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿಯೆಂದು ಕರೆದಿದ್ದರು. ಮೊಮ್ಮಗನಿಗೆ ಆ ಕಥೆಯನ್ನು ಹೇಳಿದ ರಾತ್ರಿಯಿಂದ ಪೆಪ್ಪರ್ ಹೋಗಿ ರಾಣಿ ಉಳಿಯಿತು.

ಫೆರೆಟ್ ದಿನಕ್ಕೆ ಹದಿನಾಲ್ಕರಿಂದ ಹದಿನೆಂಟು ಗಂಟೆ ನಿದ್ರಿಸುತ್ತದೆ. ಆ ನಿದ್ರೆ ಎಷ್ಟು ಗಾಢವೆಂದರೆ, ಎತ್ತಿದರೂ ಮೈ ಜೋಲುತ್ತದೆ, ಉಸಿರಾಡುತ್ತಿರುವುದೂ ಕಾಣಿಸುವುದಿಲ್ಲ. ರಾಣಿ ಬಂದ ಹೊಸತರಲ್ಲಿ ಅಜ್ಜಿ ಒಮ್ಮೆ ಅದನ್ನು ಹಾಗೆ ಕಂಡು ಸತ್ತಿತೆಂದೇ ಬಗೆದರು. ಮನೆಯಲ್ಲಿ ಬೇರಾರೂ ಇರಲಿಲ್ಲ. ಜೀವಂಧರನು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಪಂಚನಮಸ್ಕಾರ ಮಂತ್ರವನ್ನು ಹೇಳಿ ಅದಕ್ಕೆ ಸದ್ಗತಿಯನ್ನು ಒದಗಿಸಿದ ಕಥೆಯನ್ನು ಬಾಲ್ಯದಿಂದ ಕೇಳಿದವರು ಆಕೆ. ರಾಣಿಯನ್ನು ಮಡಿಲಲ್ಲಿಟ್ಟುಕೊಂಡು, ಕಿವಿಯ ಬಳಿ ಬಾಗಿ, ಣಮೋಕಾರವನ್ನು ಹೇಳತೊಡಗಿದರು. ಮೂರನೆಯ ಬಾರಿ ಹೇಳುವಷ್ಟರಲ್ಲಿ ರಾಣಿ ಆಕಳಿಸಿ, ಮೈಮುರಿದು, ಅವರ ಸೆರಗನ್ನು ಕಚ್ಚಿ ಎಳೆಯಿತು. ಇನ್ನೂ ಒಮ್ಮೆ ಹೀಗೆಯೇ ನಡೆಯಿತು. ಮನೆಯವರಿಗೆ ಅದೊಂದು ನಗೆಯ ಪ್ರಸಂಗವಾಯಿತು.

ಆದರೆ ನಗೆಯಾಚೆಗೆ ಒಂದು ಕಠಿಣ ಪ್ರಶ್ನೆ ಆ ಮನೆಯಲ್ಲಿ ಮೊದಲ ದಿನದಿಂದಲೂ ಇತ್ತು. ಫೆರೆಟ್ ಶುದ್ಧ ಮಾಂಸಾಹಾರಿ. ಅದರ ಕರುಳು ತೀರ ಗಿಡ್ಡ. ತಿಂದದ್ದು ಮೂರು ನಾಲ್ಕು ಗಂಟೆಗಳಲ್ಲಿ ಹೊರಬೀಳುತ್ತದೆ. ಕಾಳು, ಧಾನ್ಯ, ತರಕಾರಿಗಳಿಂದ ಅದು ಬದುಕಲಾರದು. ಹಾಲು, ಅನ್ನ, ಬೇಳೆಗಳಿಂದ ಸಾಕಬಹುದೇ ಎಂದು ಅಜ್ಜಿ ಪಶುವೈದ್ಯರನ್ನು ಕೇಳಿಸಿದರು. ಹಾಗೆ ಮಾಡಿದರೆ ನಿಧಾನವಾಗಿ ಕೊಂದಂತೆಯೇ ಎಂಬ ಉತ್ತರ ಬಂದಿತು. ಕೋಳಿಯ ಮಾಂಸದಿಂದ ತಯಾರಾದ ಒಣ ಆಹಾರದ ಚೀಲ ಗ್ಯಾರೇಜಿನಲ್ಲಿ ಇರತೊಡಗಿತು. ಮಗನೇ ಬೆಳಗ್ಗೆ ಸಂಜೆ ಬಟ್ಟಲು ತುಂಬುತ್ತಿದ್ದನು. ಅಜ್ಜಿ ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಪ್ರಾಣಿಯನ್ನು ಪ್ರೀತಿಸುವುದು, ಅದರ ಆಹಾರವನ್ನು ಕಾಣದಿರುವುದು. ಹೀಗೆ ಒಂದು ವರ್ಷ ಕಳೆಯಿತು.

ಎರಡನೆಯ ಚಳಿಗಾಲದ ಒಂದು ದಿನ ಹಿಮಪಾತದಿಂದ ರಸ್ತೆಗಳು ಮುಚ್ಚಿದವು. ಮಗ ಸೊಸೆಯರು ಪಟ್ಟಣದಲ್ಲಿಯೇ ಉಳಿಯಬೇಕಾಯಿತು. ಬಟ್ಟಲು ಮಧ್ಯಾಹ್ನವೇ ಬರಿದಾಗಿತ್ತು. ಸಂಜೆಯ ಹೊತ್ತಿಗೆ ರಾಣಿ ಬರಿಯ ಬಟ್ಟಲನ್ನು ಹಲ್ಲಿನಿಂದ ಎಳೆದುಕೊಂಡು ಬಂದು ಅವರ ಪಾದದ ಬಳಿ ಇಟ್ಟಿತು. ಅಜ್ಜಿ ಬಹಳ ಹೊತ್ತು ಕುಳಿತೇ ಇದ್ದರು. ಬಳಿಕ ಎದ್ದು ಗ್ಯಾರೇಜಿಗೆ ಹೋಗಿ, ಜನ್ಮದಲ್ಲಿ ಮಾಂಸವನ್ನು ಮುಟ್ಟದ ಕೈಯಿಂದ ಬಟ್ಟಲನ್ನು ತುಂಬಿದರು. ಸ್ನಾನ ಮಾಡಿದರು. ಆ ರಾತ್ರಿ ಜಪಕ್ಕೆ ಮನಸ್ಸು ನಿಲ್ಲಲಿಲ್ಲ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಅವರ ನಿತ್ಯ ಸ್ವಾಧ್ಯಾಯದ ಗ್ರಂಥ. ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಜೀವಿಯನ್ನು ಕಟ್ಟಿಹಾಕುವ ಬಂಧ, ಹೊಡೆಯುವ ವಧ, ಅಂಗವನ್ನು ಕತ್ತರಿಸುವ ಛೇದ, ಶಕ್ತಿಮೀರಿ ಹೊರಿಸುವ ಅತಿಭಾರಾರೋಪಣ, ಆಹಾರ ನೀರನ್ನು ತಡೆಯುವ ಅನ್ನಪಾನನಿರೋಧ. ಗಣಿತದ ಅಧ್ಯಾಪಕಿ ಒಂದೊಂದನ್ನೇ ರಾಣಿಯ ಬಾಳಿಗೆ ಹೊಂದಿಸಿ ನೋಡಿದರು. ರಾತ್ರಿಯ ಪಂಜರ ಬಂಧ. ಅಮೆರಿಕದಲ್ಲಿ ಬಹುಪಾಲು ಫೆರೆಟ್ ಮರಿಗಳಿಗೆ ಮಾರಾಟಕ್ಕೆ ಬರುವ ಮೊದಲೇ ಸಂತಾನಾಂಗಗಳನ್ನೂ ವಾಸನೆಯ ಗ್ರಂಥಿಗಳನ್ನೂ ಕತ್ತರಿಸಿ ತೆಗೆಯುತ್ತಾರೆ, ಅದು ಛೇದ. ಬಟ್ಟಲು ತುಂಬದಿದ್ದರೆ ಅನ್ನಪಾನನಿರೋಧ. ತುಂಬಿದರೆ, ಹೆಸರರಿಯದ ಎಷ್ಟೋ ಕೋಳಿಗಳ ವಧೆಗೆ ಅನುಮೋದನೆ. ಎತ್ತ ತಿರುಗಿದರೂ ಲೆಕ್ಕ ಶೂನ್ಯಕ್ಕೆ ಇಳಿಯಲಿಲ್ಲ.

ಇನ್ನೊಂದು ಮಾತೂ ಅವರಿಗೆ ಗೊತ್ತಿತ್ತು. ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಪೂರ್ವಾಚಾರ್ಯರು ಅನರ್ಥದಂಡದಲ್ಲಿ, ಎಂದರೆ ಪ್ರಯೋಜನವಿಲ್ಲದೆ ಗಂಟುಹಾಕಿಕೊಳ್ಳುವ ಪಾಪದಲ್ಲಿ ಸೇರಿಸಿದ್ದಾರೆ. ಅದು ಕ್ರೂರವಾದ ಮಾತೆಂದು ಆಕೆಗೆ ಹಿಂದೆ ಅನ್ನಿಸಿದ್ದುಂಟು. ಈಗ ಅದರ ತಿರುಳು ತಿಳಿಯಿತು. ಆಚಾರ್ಯರು ತಡೆಯಹೊರಟಿದ್ದು ಪ್ರಾಣಿಯ ಮೇಲಿನ ದಯೆಯನ್ನಲ್ಲ. ವಿನೋದಕ್ಕಾಗಿ ಒಂದು ಜೀವವನ್ನು ತಂದು, ಅದರ ಹೊಟ್ಟೆಗಾಗಿ ನೂರು ಜೀವಗಳನ್ನು ತೆರುವ ಮನುಷ್ಯನ ಆಸೆಯನ್ನು.

ಮೊಮ್ಮಗನಿಗೆ ಆಕೆ ಮಹಾವೀರಸ್ವಾಮಿಯ ಪೂರ್ವಭವದ ಸಿಂಹದ ಕಥೆಯನ್ನು ಹೇಳಿದ್ದರು. ಚಾರಣಮುನಿಗಳ ಉಪದೇಶವನ್ನು ಕೇಳಿ ಆ ಸಿಂಹ ಮಾಂಸವನ್ನು ತೊರೆದು ವ್ರತದಲ್ಲಿ ನಿಂತಿತು. ಬಾಲಕ ಕೂಡಲೇ ಕೇಳಿದನು: ಹಾಗಾದರೆ ರಾಣಿ ಏಕೆ ಬಿಡುವುದಿಲ್ಲ? ಅಜ್ಜಿಯ ಉತ್ತರ ತಡವಾಗಿ ಬಂದಿತು. ಸಿಂಹ ತಾನೇ ಅರಿತು ಬಿಟ್ಟಿತು. ಯಾರೂ ಅದರ ಆಹಾರಕ್ಕೆ ಬೀಗ ಹಾಕಲಿಲ್ಲ. ಅರಿವಿಲ್ಲದ ಜೀವಕ್ಕೆ ನಾವು ಬಿಡಿಸಿದರೆ ಅದು ವ್ರತವಲ್ಲ, ಶಿಕ್ಷೆ. ನಮ್ಮ ವ್ರತ ನಮ್ಮ ತಟ್ಟೆಗೆ. ರಾಣಿಯ ತಟ್ಟೆಗೆ ನಮ್ಮ ಹೊಣೆ.

ಅಂದಿನಿಂದ ಬಟ್ಟಲು ತುಂಬುವ ಕೆಲಸವನ್ನು ಆಕೆ ತಾವೇ ವಹಿಸಿಕೊಂಡರು. ಮಗನ ಕೈಯಿಂದ ಮಾಡಿಸಿ ತಾವು ಶುದ್ಧರೆಂದು ತಿಳಿಯುವುದು ಮಾಯಾಚಾರವೆಂದು ಅವರ ನಿರ್ಣಯ. ಸಂಜೆಯ ಪ್ರತಿಕ್ರಮಣದಲ್ಲಿ ಆ ದಿನದ ಬಟ್ಟಲನ್ನೂ ಲೆಕ್ಕಕ್ಕೆ ಸೇರಿಸಿ ಆಲೋಚನೆ ಮಾಡುತ್ತಿದ್ದರು. ಹಗಲಿನಲ್ಲಿ ಪಂಜರದ ಬಾಗಿಲು ಮುಚ್ಚುವುದು ನಿಂತಿತು. ಹಿಮದ ದಿನಗಳಲ್ಲಿ ಆಕೆ ಓದುತ್ತ ಕುಳಿತರೆ ರಾಣಿ ಶಾಲಿನೊಳಗೆ ಸುತ್ತಿಕೊಂಡು ಮಲಗಿರುತ್ತಿತ್ತು. ಎಚ್ಚರವಾದಾಗ ಬೆನ್ನನ್ನು ಬಿಲ್ಲಿನಂತೆ ಬಾಗಿಸಿ, ಅಡ್ಡಡ್ಡಲಾಗಿ ಹಾರಿ, ಗೊಟಗೊಟನೆ ಸದ್ದು ಮಾಡುತ್ತ ಕುಣಿಯುತ್ತಿತ್ತು. ಆ ಕುಣಿತಕ್ಕೆ ಸಂತೋಷವಲ್ಲದೆ ಬೇರೆ ಕಾರಣವಿಲ್ಲ. ಪರದೇಶದ ಆ ಮೌನದ ಮನೆಯಲ್ಲಿ ಅವರನ್ನು ದಿನವೂ ನಗಿಸಿದ ಜೀವ ಅದೊಂದೇ.

ಫೆರೆಟ್‌ನ ಆಯುಷ್ಯ ಸಾಮಾನ್ಯವಾಗಿ ಆರರಿಂದ ಎಂಟು ವರ್ಷ. ಏಳು ತುಂಬಿದ ಮೇಲೆ ರಾಣಿಯ ರೋಮ ವಿರಳವಾಯಿತು, ಕಣ್ಣಿಗೆ ಪೊರೆ ಬಂದಿತು, ಹಿಂಗಾಲುಗಳು ಎಳೆಯತೊಡಗಿದವು. ಸೋಫಾದ ಅಡಿಯ ಉಗ್ರಾಣಕ್ಕೆ ಹೊಸ ಸರಕು ಸೇರುವುದು ನಿಂತಿತು. ಗಟ್ಟಿ ಆಹಾರವನ್ನು ಅಗಿಯಲಾರದಾದಾಗ ಅಜ್ಜಿ ಅದನ್ನು ಬಿಸಿನೀರಿನಲ್ಲಿ ನೆನೆಸಿ, ಕಲಸಿ, ಬೆರಳ ತುದಿಯಿಂದ ತಿನ್ನಿಸಿದರು. ಒಮ್ಮೆ ಮುಟ್ಟಿ ಸ್ನಾನ ಮಾಡಿದ ಕೈ ಈಗ ದಿನಕ್ಕೆ ಐದು ಬಾರಿ ಅದನ್ನು ಕಲಸುತ್ತಿತ್ತು.

ವೈದ್ಯರು ಆ ದೇಶದ ರೂಢಿಯಂತೆ ಸೂಜಿಮದ್ದಿನಿಂದ ಬಾಳನ್ನು ಮುಗಿಸುವ ಮಾತನ್ನೆತ್ತಿದರು. ಅಜ್ಜಿ ಕೇಳಿದ್ದು ಒಂದೇ: ಇದಕ್ಕೆ ನೋವಿದೆಯೇ? ಪರೀಕ್ಷಿಸಿದ ವೈದ್ಯರು, ರೋಗವಲ್ಲ, ಮುಪ್ಪು. ಸದ್ಯಕ್ಕೆ ನೋವಿನ ಚಿಹ್ನೆಯಿಲ್ಲ, ಕಂಡರೆ ತಡಮಾಡದೆ ಕರೆತನ್ನಿ ಎಂದರು. ಮನೆಗೆ ತಂದರು. ಕೊನೆಯ ಎರಡು ದಿನ ರಾಣಿ ಆಹಾರವನ್ನು ಒಲ್ಲೆನೆಂದಿತು. ನೀರಿನ ಹನಿಯನ್ನಷ್ಟೇ ನೆಕ್ಕಿತು. ಬಂದ ಪರಿಚಿತರೊಬ್ಬರು ಇದು ಸಲ್ಲೇಖನವೇ ಸರಿಯೆಂದು ಸಮಾಧಾನ ಹೇಳಿದರು. ಅಜ್ಜಿ ಒಪ್ಪಲಿಲ್ಲ. ದೇಹ ಅನ್ನವನ್ನು ಬಿಡುವುದು ಬೇರೆ, ಅರಿವು ಅನ್ನವನ್ನು ಬಿಡುವುದು ಬೇರೆ. ಪ್ರೀತಿಯಿಂದಲಾದರೂ ದೊಡ್ಡ ಹೆಸರನ್ನು ಅಗ್ಗ ಮಾಡಬಾರದು ಎಂದರು.

ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ರಾಣಿ ಶಾಲಿನೊಳಗೆ ಜೋಲುಬಿದ್ದು ಮಲಗಿತ್ತು. ಆಕೆ ಮಡಿಲಿಗೆತ್ತಿಕೊಂಡು ಕಿವಿಯಲ್ಲಿ ಣಮೋಕಾರವನ್ನು ಹೇಳಿದರು. ಮೂರು ಬಾರಿ ಹೇಳಿ ನಿಲ್ಲಿಸಿ ಕಾದರು. ಒಂಬತ್ತು ಬಾರಿ ಹೇಳಿದರು. ಈ ಸಲ ಅದು ಆಕಳಿಸಲಿಲ್ಲ.

ಹಿತ್ತಲಿನ ಮೇಪಲ್ ಮರದ ಬಳಿ ಮಗ ಗುಂಡಿ ತೆಗೆದನು. ಹಿಮ ಕರಗಿದ ನೆಲದಲ್ಲಿ ಎರೆಹುಳುಗಳು ಮೇಲೆದ್ದಿದ್ದವು. ಒಂದು ಜೀವವನ್ನು ಮಣ್ಣು ಮಾಡಲು ಇನ್ನೊಂದಕ್ಕೆ ಗಾಯವಾಗಬಾರದೆಂದು ಅಜ್ಜಿ ಗುದ್ದಲಿಯನ್ನು ಪದೇ ಪದೇ ನಿಲ್ಲಿಸಿ, ಎಲೆಯ ಮೇಲೆ ಹುಳುಗಳನ್ನೆತ್ತಿ ದೂರ ಬಿಟ್ಟರು. ಸಣ್ಣ ಗುಂಡಿಗೆ ಒಂದು ಗಂಟೆ ಹಿಡಿಯಿತು.

ತಿಂಗಳು ಕಳೆಯುವುದರೊಳಗೆ ಮೊಮ್ಮಗ ಇನ್ನೊಂದು ಫೆರೆಟ್ ಬೇಕೆಂದನು. ಅಂಗಡಿಯ ಗಾಜಿನ ಹಿಂದೆ ಮರಿಗಳಿದ್ದವು. ಅಜ್ಜಿಯ ಕಣ್ಣಲ್ಲಿ ನೀರಿತ್ತು, ಆದರೂ ಬೇಡವೆಂದರು. ಬಂದದ್ದನ್ನು ಸಾಕಿದ್ದು ನಮ್ಮ ಕರ್ತವ್ಯ. ಹೋಗಿ ತರುವುದು ನಮ್ಮ ಆಸೆ. ಕಾಸು ಕೊಟ್ಟು ಒಂದನ್ನು ತಂದರೆ, ಅಂಗಡಿಯವನು ಅದರ ಸ್ಥಳದಲ್ಲಿ ಇನ್ನೊಂದನ್ನು ಕತ್ತರಿಸಿ ತಂದಿಡುತ್ತಾನೆ. ಬಾಗಿಲಿಗೆ ಬಿದ್ದ ಜೀವ ಮತ್ತೆ ಬಂದರೆ ಆಗ ನೋಡೋಣ ಎಂದರು. ಪಂಜರವನ್ನು ತೊಳೆದು ಗ್ಯಾರೇಜಿನಲ್ಲಿಟ್ಟರು, ಎಸೆಯಲಿಲ್ಲ.

ಆ ವರ್ಷದ ದಶಲಕ್ಷಣಪರ್ವ ಮುಗಿದು ಕ್ಷಮಾವಣಿಯ ದಿನ ಮನೆಯವರೆಲ್ಲ ಪರಸ್ಪರ ಕೈಮುಗಿದು ಕ್ಷಮೆ ಕೇಳಿದರು. ಬಳಿಕ ಅಜ್ಜಿ ಹಿತ್ತಲಿನ ಕಡೆಗೆ ತಿರುಗಿ ಇನ್ನೆರಡು ಬಾರಿ ಕೈಮುಗಿದರು. ಯಾರಿಗೆಂದು ಮೊಮ್ಮಗ ಕೇಳಿದನು. ಒಂದು ಆ ಕೋಳಿಗಳಿಗೆ, ಅವುಗಳ ಎಣಿಕೆ ನನಗೆ ಸಿಗಲಿಲ್ಲ. ಇನ್ನೊಂದು ರಾಣಿಗೆ ಎಂದರು. ರಾಣಿಗೆ ನಾವೇನು ತಪ್ಪು ಮಾಡಿದೆವು, ಅಷ್ಟು ಪ್ರೀತಿಯಿಂದ ಸಾಕಿದೆವಲ್ಲ ಎಂದು ಬಾಲಕ ಕೇಳಿದಾಗ, ಆಕೆ ಅವನ ತಲೆ ನೇವರಿಸಿ, ಮೊದಲ ವರ್ಷ ನಾನು ಅವಳ ಬಟ್ಟಲನ್ನು ನೋಡಲಿಲ್ಲ ಎಂದರು.

ಪ್ರೀತಿಸಿದ ಜೀವದ ಹಸಿವಿನಿಂದ ಮುಖ ತಿರುಗಿಸುವ ಅಹಿಂಸೆ ಅಪೂರ್ಣ. ಆ ಹಸಿವಿಗೆ ತೆತ್ತ ಬೆಲೆಯನ್ನು ಮರೆಯುವ ಪ್ರೀತಿಯೂ ಅಪೂರ್ಣವೇ.