ಕೆಂಪುಬಾಳೆಯೂ ಕಾಣದ ಕಿರಣವೂ

ಕಮಲಾಪುರದ ಕೆಂಪುಬಾಳೆಯ ಹಿರಿಮೆಯನ್ನು ಕಲಬುರಗಿಯವರಿಗೆ ಹೇಳಬೇಕಾಗಿಲ್ಲ. ಅದರ ಬೆಲೆ ಕೇಳಿದಾಗ ಮಾತ್ರ ನಮ್ಮ ಮುಖವೂ ಕೊಂಚ ಕೆಂಪಾಗುತ್ತದೆ.

ಅಂಥ ಹಣ್ಣೊಂದನ್ನು ನಾನು ಕಾಲೇಜಿನಲ್ಲಿ ಸುಲಿಯುತ್ತಿದ್ದಾಗ ಭೌತಶಾಸ್ತ್ರದ ಮಿತ್ರರೊಬ್ಬರು, "ತಿನ್ರಿ ಸರ, ಆದ್ರ ಅದು ವಿಕಿರಣ ಸೂಸೋ ಹಣ್ಣು ನೋಡ್ರಿ" ಎಂದರು. ಬಾಳೆಯ ಪೊಟ್ಯಾಸಿಯಂನಲ್ಲಿ ಪೊಟ್ಯಾಸಿಯಂ-40 ಎಂಬ ವಿಕಿರಣಶೀಲ ಅಂಶ ಅತ್ಯಲ್ಪವಾಗಿ ಇದ್ದೇ ಇರುತ್ತದೆ. ಒಂದು ಹಣ್ಣಿನಲ್ಲಿ ಸೆಕೆಂಡಿಗೆ ಸುಮಾರು 15 ಪರಮಾಣುಗಳು ಕ್ಷಯಿಸುತ್ತವೆ. ನನ್ನ ಕೈ ತಡೆಯಿತು. "ಅಂಜಬ್ಯಾಡ್ರಿ, ನಿಮ್ಮ ಮೈಯಾಗೇ ಸೆಕೆಂಡಿಗೆ 4,000ದಷ್ಟು ಆಗ್ತಾವ" ಎಂದು ನಕ್ಕರು. ಹಣ್ಣನ್ನು ಮುಗಿಸಿದೆ. ಹಣ್ಣೇನೂ ಬದಲಾಗಿರಲಿಲ್ಲ. ಒಂದು ಮಾತಿಗೆ ಬಂದ ಭಯ ಇನ್ನೊಂದು ಮಾತಿಗೆ ಹೋಗಿತ್ತು, ಅಷ್ಟೆ.

ಕಣ್ಣಿಗೆ, ಮೂಗಿಗೆ, ನಾಲಗೆಗೆ ಸಿಕ್ಕದ ವಸ್ತುವಿನ ಪಾಡೇ ಇದು. 1896ರಲ್ಲಿ ಬೆಕ್ವೆರೆಲ್‌ಗೆ ಕಂಡದ್ದೂ ಕಿರಣವಲ್ಲ. ಕಪ್ಪು ಕಾಗದದಲ್ಲಿ ಸುತ್ತಿಟ್ಟಿದ್ದ ಛಾಯಾಚಿತ್ರದ ಫಲಕದ ಮೇಲೆ ಯುರೇನಿಯಂ ಲವಣ ಮೂಡಿಸಿದ ಗುರುತು. 2011ರ ಫುಕುಶಿಮಾ ದುರಂತದ ಬಳಿಕ ಶಿಂಪೇ ಟಕೇಡಾ ಎಂಬ ಜಪಾನಿ ಕಲಾವಿದರು ಕಲುಷಿತ ಮಣ್ಣನ್ನು ಕತ್ತಲಲ್ಲಿ ಫಿಲ್ಮಿನ ಮೇಲೆ ಹರಡಿಟ್ಟರು. ಕ್ಯಾಮೆರಾ ಇಲ್ಲದೆ ಮಣ್ಣೇ ತನ್ನ ಚಿತ್ರ ತೆಗೆದುಕೊಂಡಿತು: ಕಪ್ಪು ಆಕಾಶದಲ್ಲಿ ನಕ್ಷತ್ರಗಳಂತೆ ಚುಕ್ಕಿಗಳು! ಚೆಲುವೇನೋ ಹೌದು, ಆದರೆ ಅದು ಯಾರೋ ಉಂಡು ಬಾಳಿದ ನೆಲ. ಇತಿಹಾಸಕಾರ್ತಿ ಕೇಟ್ ಬ್ರೌನ್ ಚೆರ್ನೋಬಿಲ್ ಕುರಿತು 2019ರಲ್ಲಿ ಬರೆದ ಪುಸ್ತಕಕ್ಕಾಗಿ ಸರಕಾರಿ ಕಡತಗಳನ್ನು ಮಾತ್ರ ನೋಡಲಿಲ್ಲ. ಕಲುಷಿತ ಉಣ್ಣೆಯನ್ನು ಕೈಯಾರೆ ವಿಂಗಡಿಸಿದ ಹೆಂಗಸರನ್ನೂ ಕೇಳಿದರು.

ನಮ್ಮಲ್ಲೂ ಹಾಗೆ ಕೇಳಬೇಕಾದವರಿದ್ದಾರೆ. ಹಿಂದೆ ನಮ್ಮ ಜಿಲ್ಲೆಯಲ್ಲೇ ಇದ್ದು ಈಗ ಯಾದಗಿರಿ ಜಿಲ್ಲೆಗೆ ಸೇರಿರುವ ಗೋಗಿಯಲ್ಲಿ ನೆಲದ ಮೇಲೆ ಆದಿಲಶಾಹಿ ವಂಶದ ಮೂಲಪುರುಷ ಯೂಸುಫನ ಸಮಾಧಿಯಿದೆ. ನೆಲದೊಳಗೆ ಯುರೇನಿಯಂ ಅದಿರಿದೆ. ಗಣಿಯ ಮಾತು ಬಂದಾಗ ಊರವರು, ನೀರಿನ ಗತಿಯೇನು, ಹೊಲದ ಗತಿಯೇನು ಎಂದು ಎದುರು ನಿಂತರು. ಅವರಿಗೆ ಬಾಳೆಹಣ್ಣಿನ ಲೆಕ್ಕ ಒಪ್ಪಿಸಿದರೆ ಉತ್ತರವಾದೀತೆ? ಹೆಚ್ಚಾದ ಪೊಟ್ಯಾಸಿಯಂ ಅನ್ನು ಮೈ ತಾನೇ ಹೊರಹಾಕುತ್ತದೆ; ಯುರೇನಿಯಂ ಗಣಿಯ ಕಸ ತಲೆಮಾರುಗಟ್ಟಲೆ ಉಳಿಯುವಂಥದು. ಹಣ್ಣನ್ನು ನಾನು ಒಲ್ಲೆನೆನ್ನಬಹುದು. ಕುಡಿಯುವ ನೀರನ್ನು ಅವರು ಒಲ್ಲೆವೆನ್ನಲಾದೀತೆ?

ಅವರ ಭಯವನ್ನು ಅಜ್ಞಾನವೆನ್ನುವುದು ನಮ್ಮಂಥ ಓದಿದವರಿಗೆ ಬಲು ಸುಲಭ. ಕಾಣದ್ದನ್ನು ಅಳೆಯಲು ಯಂತ್ರವಿದೆ, ನಿಜ. ಆ ಯಂತ್ರವನ್ನು ಬಾವಿಯ ಕಟ್ಟೆಗೆ ಒಯ್ದು, ಅದು ತೋರಿಸಿದ ಅಂಕಿಯನ್ನು ಊರವರೆದುರು ಅವರ ಮಾತಿನಲ್ಲಿ ಓದಿ, ಅವರು ಕೇಳುವ ಮರುಪ್ರಶ್ನೆಗೂ ನಿಂತು ಉತ್ತರ ಕೊಡುವವರು ಬೇಕು.