ಅತ್ತೆ ಬರೆಸಿದ ಕಾಗದ

ನಮ್ಮ ಸೋದರತ್ತೆಯ ಮನೆ ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯಲ್ಲಿದೆ. ಮನೆಯೆಂದು ಹೇಳಿದೆನಾದರೂ ಅದರ ಮುಕ್ಕಾಲು ಪಾಲು ರೇಷ್ಮೆಹುಳುಗಳಿಗೆ ಸೇರಿದ್ದು. ಉಳಿದ ಕಾಲು ಪಾಲಿನಲ್ಲಿ ಅಡಿಗೆಯ ಒಲೆ, ದೇವರ ಪಟಗಳು, ಒಂದು ಟಿ.ವಿ. ಪೆಟ್ಟಿಗೆ ಮತ್ತು ನಮ್ಮ ಅತ್ತೆ ಹೇಗೋ ಹೊಂದಿಕೊಂಡು ಬಾಳುತ್ತಿದ್ದಾರೆ. ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕನಾಗಿ ಸೇರಿದ ಹೊಸದರಲ್ಲಿ, ರಜೆ ಸಿಕ್ಕಾಗಲೆಲ್ಲ ಅಲ್ಲಿಗೆ ಹೋಗಿ ಎರಡು ಮೂರು ದಿನ ಇದ್ದು ಬರುವುದು ನನ್ನ ಪದ್ಧತಿಯಾಗಿತ್ತು. ಹುಳುಗಳಿಗೆ ರಾತ್ರಿಯ ಸೊಪ್ಪು ಹಾಕಿ, ಕೈತೊಳೆದು, ಅತ್ತೆ ಟಿ.ವಿ.ಯ ಮುಂದೆ ಕುಳಿತಳೆಂದರೆ ಅಕ್ಕಪಕ್ಕದ ಮನೆಯವರೂ ಒಬ್ಬೊಬ್ಬರಾಗಿ ಬಂದು ಸೇರುತ್ತಿದ್ದರು. ಒಳಕೋಣೆಯಲ್ಲಿ ಸಾವಿರಾರು ಹುಳುಗಳು ಹಿಪ್ಪುನೇರಳೆ ಸೊಪ್ಪನ್ನು ಮೇಯುವ ಸದ್ದು ಸೋನೆಮಳೆಯಂತೆ; ಹೊರಗೆ ಟಿ.ವಿ.ಯಲ್ಲಿ ಪುಂಗಿಯ ನಾದ.

2016ರ ಫೆಬ್ರವರಿಯಲ್ಲಿ ಜೀ ಕನ್ನಡ ವಾಹಿನಿಯಲ್ಲಿ ‘ನಾಗಿಣಿ’ ಎಂಬ ಧಾರಾವಾಹಿ ಮೊದಲಾಯಿತು. ಅದಕ್ಕೆ ಕೆಲವೇ ತಿಂಗಳ ಹಿಂದೆ ಹಿಂದಿಯಲ್ಲಿ ‘ನಾಗಿನ್’ ಬಂದು ಮನೆಮನೆಗಳನ್ನೂ ಹೊಕ್ಕಿತ್ತು. ನಮ್ಮ ಕನ್ನಡದ ನಾಗಿಣಿಯ ಹೆಸರು ಅಮೃತಾ. ಆ ಪಾತ್ರವನ್ನು ವಹಿಸಿದವರು ದೀಪಿಕಾ ದಾಸ್. ಸೇಡು ತೀರಿಸಿಕೊಳ್ಳಲು ಹೆಣ್ಣಿನ ರೂಪ ತಾಳಿ ಬಂದ ನಾಗಿಣಿಗೂ ಅರ್ಜುನನೆಂಬ ತರುಣನಿಗೂ ಒಲವು ಹುಟ್ಟುವುದು ಕಥೆಯ ಗಂಟು. ಹಗೆಯನ್ನು ಸಾಧಿಸಿದರೆ ಒಲವು ಉಳಿಯದು. ಒಲವನ್ನು ಉಳಿಸಿಕೊಂಡರೆ ಹಗೆ ತೀರದು. ಈ ಗಂಟನ್ನು ಬಿಚ್ಚುವಂತೆ ಮಾಡಿ ಮತ್ತೆ ಬಿಗಿಯುತ್ತ ಧಾರಾವಾಹಿ ವರ್ಷಗಟ್ಟಲೆ ನಡೆಯಿತು.

ಹಾವು ಹೆಣ್ಣಾಗುವುದನ್ನು ಕಂಡು ಅತ್ತೆಯ ಮನೆಯಲ್ಲಿ ಯಾರೂ ಬೆರಗಾಗಲಿಲ್ಲ. ಬೆರಗಾಗುವುದಾದರೂ ಏಕೆ? ಮೊಟ್ಟೆ ಹುಳುವಾಗಿ, ಹುಳು ನಾಲ್ಕು ಜ್ವರಗಳನ್ನು ಕಂಡು ನಾಲ್ಕು ಸಲ ಪೊರೆ ಕಳಚಿ, ಕೊನೆಗೆ ಹಣ್ಣಾಗಿ ಚಂದ್ರಿಕೆಯೇರಿ ಗೂಡು ಕಟ್ಟುವುದನ್ನು ಬೆಳೆಬೆಳೆಗೂ ನೋಡುವವರಿಗೆ ರೂಪಾಂತರವೆಂಬುದು ದಿನಬಳಕೆಯ ಸಂಗತಿ. ನಾಗನೂ ಅವರಿಗೆ ದೂರದವನಲ್ಲ. ಇದೇ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೆ ಹೋದವರು ಅಲ್ಲಿ ಸಾಲುಸಾಲಾಗಿ ನಿಂತ ನಾಗರಕಲ್ಲುಗಳನ್ನು ನೋಡಿಯೇ ಇರುತ್ತಾರೆ. ಮಕ್ಕಳನ್ನು ಬೇಡಿ ಹರಕೆ ಹೊತ್ತವರು ನಿಲ್ಲಿಸಿದ ಆ ಕಲ್ಲುಗಳಲ್ಲಿ ಒಂದು ನಮ್ಮ ಅತ್ತೆಯದು. ಹರಕೆ ಫಲಿಸುವ ಮುನ್ನವೇ ನಮ್ಮ ಮಾವ ತೀರಿಕೊಂಡರು.

ಇಂಥ ಸಭೆಯಲ್ಲಿ ಎರಡು ಪಕ್ಷಗಳು ಹುಟ್ಟಿಕೊಳ್ಳಲು ಬಹಳ ದಿನ ಬೇಕಾಗಲಿಲ್ಲ. ಎದುರುಮನೆಯ ಹೊಸ ಸೊಸೆ, ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದ ಇಬ್ಬರು ಹುಡುಗಿಯರು ಮತ್ತು ಅತ್ತೆಯ ಮೈದುನನ ಮಗ ಒಲವಿನ ಪಕ್ಷ. ಅಂಗಡಿಯ ಮುದುಕಮ್ಮ ಮತ್ತು ನಮ್ಮ ಅತ್ತೆ ಹಗೆಯ ಪಕ್ಷ. ಹಾವಿನ ಹಗೆ ಹನ್ನೆರಡು ವರ್ಷವೆಂಬ ಗಾದೆ ಮುದುಕಮ್ಮನ ಕಡೆಯ ಪ್ರಮಾಣ. “ಅರ್ಜುನ ಏನು ತಪ್ಪು ಮಾಡಿದಾನೆ, ದೊಡ್ಡಮ್ಮ?” ಎಂದು ಆ ಹುಡುಗ ಕೇಳುವನು. “ನೀನು ಸುಮ್ಮನಿರು, ಚಿಕ್ಕೋನು,” ಎಂದು ಅತ್ತೆ ಗದರುವಳು. ಗದರಿದ ಮರುಕ್ಷಣದಲ್ಲೇ ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕುವಳು.

ನಾನು ಯಾವ ಪಕ್ಷಕ್ಕೂ ಸೇರಿದವನಲ್ಲ. ಎಂ.ಎ. ಮಾಡಿದವರಿಗೆ ಸಹಜವಾದ ಒಂದು ಮುಗುಳ್ನಗೆಯನ್ನು ಧರಿಸಿ ಹಿಂದಿನ ಗೋಡೆಗೆ ಒರಗಿ ಕೂರುತ್ತಿದ್ದೆ. ಇಲ್ಲದ ಹಾವಿಗಾಗಿ ಇರುವ ಜನ ಜಗಳವಾಡುವುದು ನನಗೆ ವಿನೋದವಾಗಿ ಕಾಣುತ್ತಿತ್ತು. ಆದರೆ ಒಮ್ಮೆ ಆ ಮುಗುಳ್ನಗೆಗೆ ಸರಿಯಾದ ಪೆಟ್ಟು ಬಿತ್ತು. ಅದು ಮುಂದೆ, 2018ರ ಮಾತು. ‘ಪುಟ್ಟಗೌರಿ ಮದುವೆ’ ಎಂಬ ಮತ್ತೊಂದು ಜನಪ್ರಿಯ ಧಾರಾವಾಹಿಯಲ್ಲಿ ಗೌರಿ ಬೆಟ್ಟದಿಂದ ಬಿದ್ದೂ ಬದುಕಿ ಉಳಿದಾಗ ನಾಡಿನ ಮೊಬೈಲುಗಳಲ್ಲೆಲ್ಲ ಅದೊಂದು ನಗೆಪಾಟಲಾಯಿತು. ಅತ್ತೆಯೂ ನಕ್ಕಳು. ನಾನು ಸಮಯ ಸಾಧಿಸಿ, “ಹಾವು ಹೆಂಗಸಾದರೆ ಒಪ್ಪುತ್ತೀಯೆ, ಹೆಂಗಸು ಬಿದ್ದು ಬದುಕಿದರೆ ನಗುತ್ತೀಯೆ. ಇದು ಯಾವ ನ್ಯಾಯ, ಅತ್ತೆ?” ಎಂದೆ.

ಅವಳು ತಡಮಾಡದೆ ಹೇಳಿದಳು: “ಹೆಂಗಸಾಗೋದು ಆ ಹಾವಿನ ಗುಣ ಕಣಪ್ಪ. ಬೆಟ್ಟದ ಮೇಲಿಂದ ಬಿದ್ದು ಬದುಕೋದು ಯಾರ ಗುಣ?”

ನಾನು ಸುಮ್ಮನಾದೆ. ತೀ.ನಂ.ಶ್ರೀ.ಯವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಇಟ್ಟುಕೊಂಡು ನಾನು ತರಗತಿಯಲ್ಲಿ ಹಲವು ಗಂಟೆಗಳ ಕಾಲ ವಿವರಿಸುವ ವಿಷಯವೂ ಇದೇ ಅಲ್ಲವೆ? ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ ಔಚಿತ್ಯವನ್ನೇ ಕಾವ್ಯದ ಜೀವವೆಂದು ಸಾಧಿಸಲು ಒಂದು ಗ್ರಂಥವನ್ನೇ ಬರೆದ. ನಂಬುವಂತೆ ತೋರುವ ಅಸಾಧ್ಯವು ನಂಬಲಾಗದ ಸಾಧ್ಯಕ್ಕಿಂತ ಮೇಲೆಂದು ಗ್ರೀಸಿನ ಅರಿಸ್ಟಾಟಲ್ ಅದಕ್ಕೂ ಬಹು ಹಿಂದೆಯೇ ತೀರ್ಪು ಕೊಟ್ಟಿದ್ದ. ಕಥೆ ತಾನೇ ಹಾಕಿಕೊಂಡ ಕಟ್ಟಳೆಯನ್ನು ತಾನು ಮುರಿಯಬಾರದು. ಹಾವು ಹೆಣ್ಣಾಗಲಿ, ಕಲ್ಲು ಮಾತನಾಡಲಿ. ಆದರೆ ಆ ಹೆಣ್ಣು ನಿನ್ನೆ ಇದ್ದ ಹಾಗೆ ಇಂದೂ ಇರಬೇಕು. ಇಲ್ಲವೆ, ಬದಲಾದದ್ದಕ್ಕೆ ಕಾರಣ ಬೇಕು. ಧಾರಾವಾಹಿಯನ್ನು ನೋಡುವವರು ಪಾತ್ರಗಳ ಮೇಲೆ ಮುನಿಸಿಕೊಳ್ಳುವುದನ್ನು ಕಂಡು ‘ಮುಗ್ಧರು, ಕಥೆಯನ್ನು ನಿಜವೆಂದು ಭ್ರಮಿಸಿದ್ದಾರೆ’ ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ಕಥೆ ಕಥೆಯೆಂದು ಅವರು ಬಲ್ಲರು. ಅದು ತಪ್ಪಾಗಿ ನಡೆಯಬಾರದೆಂಬುದು ಅವರ ಹಟ.

ಈ ಹಟ ಹೊಸದೂ ಅಲ್ಲ. 1893ರಲ್ಲಿ ಕಾನನ್ ಡಾಯ್ಲ್ ತನ್ನ ಪತ್ತೇದಾರ ಷರ್ಲಾಕ್ ಹೋಮ್ಸ್‌ನನ್ನು ಸ್ವಿಟ್ಜರ್ಲೆಂಡಿನ ಜಲಪಾತವೊಂದರ ಬಳಿ ಕೊಂದು ಕೈತೊಳೆದುಕೊಂಡಾಗ ಓದುಗರು ಸಿಟ್ಟಿನ ಕಾಗದಗಳನ್ನು ಬರೆದರು. ಹತ್ತು ವರ್ಷಗಳ ಮೇಲೆ, 1903ರಲ್ಲಿ, ಅವನು ತಾನು ಪ್ರಪಾತಕ್ಕೆ ಬಿದ್ದೇ ಇರಲಿಲ್ಲವೆಂಬ ಸಮಜಾಯಿಷಿಯೊಂದಿಗೆ ಜೀವಂತವಾಗಿ ಹಿಂದಿರುಗಬೇಕಾಯಿತು. ನಮ್ಮ ಗಿರೀಶ ಕಾರ್ನಾಡರಂತೂ ಎ.ಕೆ. ರಾಮಾನುಜನ್ನರಿಂದ ಕೇಳಿದ ಜನಪದ ಕಥೆಯನ್ನು ಆಧರಿಸಿ ಬರೆದ ‘ನಾಗಮಂಡಲ’ದಲ್ಲಿ ಈ ಅತೃಪ್ತಿಯನ್ನೇ ರಂಗದ ಮೇಲೆ ತಂದರು. ರಾಣಿಯನ್ನು ಒಲಿದ ನಾಗ ಸಾಯುವಲ್ಲಿಗೆ ಕಥೆ ಮುಗಿದರೆ ರಂಗದ ಮೇಲೆ ಕಥೆ ಕೇಳುತ್ತ ಕುಳಿತವರಿಗೆ ಸಮಾಧಾನವಿಲ್ಲ. ಆಗ ಇನ್ನೊಂದು ಮುಕ್ತಾಯ ಹುಟ್ಟುತ್ತದೆ: ನಾಗ ಬದುಕಿ, ರಾಣಿಯ ತಲೆಗೂದಲಿನಲ್ಲಿ ನೆಲೆ ಪಡೆಯುತ್ತಾನೆ.

ಇಷ್ಟು ಪಾಂಡಿತ್ಯವನ್ನು ಈಗ ಪ್ರದರ್ಶಿಸುತ್ತಿದ್ದೇನೆ. ಆದರೆ ಅದು ಬೇಕಾಗಿದ್ದ ದಿನ ನನ್ನಲ್ಲಿ ಇರಲಿಲ್ಲ. ಅದು 2017ರ ಒಂದು ರಾತ್ರಿ. ಅರ್ಜುನನ ಮೇಲಿನ ಒಲವಿನಿಂದ ಅಮೃತಾಳ ಹಗೆ ಮೆತ್ತಗಾಗುತ್ತಿದೆಯೆಂದು ಸಭೆಗೆಲ್ಲ ತೋರಿತು. ಒಲವಿನ ಪಕ್ಷದವರು ಗೆದ್ದ ಸಂಭ್ರಮದಲ್ಲಿ ಎದ್ದುಹೋದರು. ಮೈದುನನ ಮಗ ಅಲ್ಲೇ ಚಾಪೆಯ ಮೇಲೆ ನಿದ್ದೆಹೋಗಿದ್ದ. ಅತ್ತೆ ಟಿ.ವಿ. ಆರಿಸಿ ನನ್ನ ಎದುರು ಬಂದು ಕುಳಿತು, “ನೀನು ಎಂ.ಎ. ಓದಿದ್ದೀಯಲ್ಲ, ಆ ಕಥೆ ಬರೆಯೋರಿಗೆ ಒಂದು ಕಾಗದ ಬರೆ,” ಎಂದಳು.

ನಾನು ನಕ್ಕೆ. ಅವಳು ನಗಲಿಲ್ಲ. ಒಂದು ಹಾಳೆ ತೆಗೆದುಕೊಂಡು ಅವಳು ಹೇಳಿದ ಹಾಗೆ ಬರೆದೆ. ಆ ಹುಡುಗಿಯನ್ನು ಮೆತ್ತಗೆ ಮಾಡಬೇಡಿ. ಪ್ರೀತಿ ಬಂತೆಂದು ಆದ ಅನ್ಯಾಯ ಆಗದೆ ಹೋಗುವುದಿಲ್ಲ. ಅವಳು ಮರೆತರೆ ನೆನಪಿಟ್ಟುಕೊಳ್ಳುವವರು ಬೇರೆ ಯಾರೂ ಇಲ್ಲ. ಒಟ್ಟಿನಲ್ಲಿ ಆರೇಳು ಸಾಲು. ಮುಗಿದ ಮೇಲೆ ವಿನೋದಕ್ಕಾಗಿ, “ಹೆಬ್ಬೆಟ್ಟು ಒತ್ತುತ್ತೀಯಾ?” ಎಂದು ಕೇಳಿದೆ. ಅವಳು ಲೇಖನಿಯನ್ನು ನನ್ನ ಕೈಯಿಂದ ತೆಗೆದುಕೊಂಡು, “ಹೆಬ್ಬೆಟ್ಟು ಒಂದು ಸಲ ಒತ್ತಿದ್ದು ಸಾಕು,” ಎಂದು, ವಯಸ್ಕರ ಶಿಕ್ಷಣದ ರಾತ್ರಿಶಾಲೆಯಲ್ಲಿ ಕಲಿತ ಅಕ್ಷರಗಳಲ್ಲಿ ತನ್ನ ಹೆಸರನ್ನು ನಿಧಾನವಾಗಿ ಬರೆದಳು.

ಆ ಒಂದು ಸಲದ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಮಾವ ತೀರಿಕೊಂಡ ವರ್ಷ ಅವರ ಮನೆಯವರು ಅತ್ತೆಯನ್ನು ಶಿಡ್ಲಘಟ್ಟಕ್ಕೆ ಕರೆದೊಯ್ದು, ಅವಳ ಪಾಲಿನ ಜಮೀನಿಗೆ ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡರು. ಗಂಡನ ಆಸ್ತಿಯಲ್ಲಿ ಹೆಂಡತಿಗೆ ಪಾಲುಂಟೆಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೇ ಹೇಳಿದೆ. ಆದರೆ ತಾನಾಗಿ ಬಿಟ್ಟುಕೊಟ್ಟೆನೆಂದು ಒತ್ತಿದ ಹೆಬ್ಬೆಟ್ಟಿನ ಮುಂದೆ ಕಾಯಿದೆ ಏನು ಮಾಡೀತು? “ಮಕ್ಕಳಿಲ್ಲ, ಮರಿಯಿಲ್ಲ, ಜಗಳವೇಕೆ?” ಎಂದು ಅವಳಿಗೆ ಬುದ್ಧಿ ಹೇಳಿ, ಆ ಪತ್ರಕ್ಕೆ ಸಾಕ್ಷಿ ಹಾಕಿದವರು ಅವಳ ಸ್ವಂತ ಅಣ್ಣ, ಅಂದರೆ ನನ್ನ ತಂದೆ. ಅಂದಿನಿಂದ ಅತ್ತೆ ಬೇರೆಯವರ ತೋಟವನ್ನು ಗುತ್ತಿಗೆಗೆ ಹಿಡಿದು, ಹುಳು ಸಾಕಿ, ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಹೊತ್ತು ಬದುಕಿದಳು. ಅವಳ ಪಾಲಿನ ಜಮೀನನ್ನು ಈಗ ಉಳುತ್ತಿರುವವನು ಮೈದುನ. ಅವನ ಮಗನೇ ಈ ಚಾಪೆಯ ಮೇಲೆ ಮಲಗಿದ್ದ ಹುಡುಗ.

“ಹಾಗಿದ್ದರೆ ಇವನಿಗೇಕೆ ದಿನವೂ ಅನ್ನ ಹಾಕುತ್ತೀಯೆ?” ಎಂದು ಕೇಳಿಬಿಟ್ಟೆ.

ಅತ್ತೆ ಹುಡುಗನ ಮೇಲೆ ಹೊದಿಕೆ ಎಳೆದಳು. “ಹಗೆ ಇಟ್ಕೊಂಡು ಅನ್ನ ಹಾಕೋಕಾಗಲ್ಲ ಕಣಪ್ಪ. ಅದಕ್ಕೇ ಬಿಟ್ಟೆ. ನಾನು ಬಿಟ್ಟಿದ್ದಾಯ್ತು. ಅವಳಾದರೂ ಬಿಡಬಾರದು.”

ವಾಚಕರೇ, ಆ ಕಾಗದವನ್ನು ನಾನು ಅಂಚೆಗೆ ಹಾಕಲಿಲ್ಲ. ಕಾಲೇಜಿನ ಅಧ್ಯಾಪಕನೊಬ್ಬ ನಾಗಿಣಿಯ ಪರವಾಗಿ ವಕಾಲತ್ತು ವಹಿಸಿದನೆಂದು ಯಾರಾದರೂ ನಕ್ಕಾರೆಂಬ ಅಂಜಿಕೆ. ಮುಂದಿನ ಸಲ ಹೋದಾಗ ಅತ್ತೆ, “ಹಾಕಿದೆಯಾ?” ಎಂದು ಕೇಳಿದಳು. “ಹಾಕಿದೆ,” ಎಂದೆ. ಅವಳು ಮತ್ತೆಂದೂ ಕೇಳಲಿಲ್ಲ. ಉತ್ತರ ಬಂದಿತೇ ಎಂದೂ ವಿಚಾರಿಸಲಿಲ್ಲ.

2020ರಲ್ಲಿ ಕೊರೋನಾ ಬಂದು ಊರೆಲ್ಲ ಬಾಗಿಲು ಮುಚ್ಚಿತು. ಧಾರಾವಾಹಿಗಳ ಚಿತ್ರೀಕರಣವೂ ನಿಂತು, ವಾಹಿನಿಗಳು ಹಳೆಯದನ್ನೇ ತೋರಿಸತೊಡಗಿದವು. ನನ್ನೊಡನೆ ಇದ್ದ ತಂದೆಯವರು ಹೊತ್ತು ಹೋಗದೆ ನನ್ನ ಪುಸ್ತಕಗಳ ಧೂಳು ಹೊಡೆಯಲು ಕುಳಿತರು. ‘ಭಾರತೀಯ ಕಾವ್ಯಮೀಮಾಂಸೆ’ಯ ನಡುವಿನಿಂದ ಆ ಕಾಗದ ಅವರ ಕೈಗೆ ಸಿಕ್ಕಿತು. ಅಕ್ಷರ ನನ್ನದು, ಕೆಳಗಿನ ಹೆಸರು ತಂಗಿಯದು. ಎರಡು ಸಲ ಓದಿದರು. ಇದು ಯಾವ ಕಥೆಯ ವಿಷಯವೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಾಳೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ಜೇಬಿನಲ್ಲಿ ಇಟ್ಟುಕೊಂಡರು.

ಆ ವರ್ಷದ ಕೊನೆಯಲ್ಲಿ ಒಂದು ದಿನ ತಂದೆಯವರು ಒಬ್ಬರೇ ದಿಬ್ಬೂರಹಳ್ಳಿಯ ಬಸ್ಸು ಹತ್ತಿದರು. ಎಷ್ಟೋ ವರ್ಷಗಳಿಂದ ಮದುವೆ ಮುಂಜಿಗಳಲ್ಲಿ ಅಲ್ಲದೆ ತಂಗಿಯ ಮುಖ ನೋಡದವರು ಅಂದು ರಾತ್ರಿ ಅಲ್ಲೇ ಉಳಿದು, ಮರುದಿನ ಮಧ್ಯಾಹ್ನ ಹಿಂದಿರುಗಿದರು.

“ಏನು ಮಾತಾಡಿದಿರಿ?” ಎಂದು ಕೇಳಿದೆ.

“ಮಾತೇನು? ಕೂತು ಧಾರಾವಾಹಿ ನೋಡಿದೆವು,” ಎಂದರು. ಆಗ ‘ನಾಗಿಣಿ 2’ ಎಂಬ ಹೆಸರಿನಲ್ಲಿ ಹೊಸ ಕಥೆ ನಡೆಯುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು, ಅಂಗಿಯ ಗುಂಡಿ ಬಿಚ್ಚುತ್ತ, “ಅವತ್ತು ನಾನು ಸಾಕ್ಷಿ ಹಾಕಬಾರದಿತ್ತು ಅಂತ ಹೇಳಿಬಂದೆ,” ಎಂದರು.

“ಅತ್ತೆ ಏನೆಂದಳು?”

“ಈ ಹೊಸ ನಾಗಿಣಿ ಮೊದಲಿನವಳ ಹಾಗಿಲ್ಲ ಅಂದಳು.”